ಹೆಚ್ಚು ಮಾಯ್ದದ್ದು

ಒಂಬತ್ತು ತಿಂಗಳ ಹಿಂದೆ ನಾನೇ ಇಟ್ಟಿದ್ದೆ
ರಾದೋಯ್ಕೊನ ಎದೆಯ ಎಡ ಧಮನಿಯಲ್ಲಿ
ಹೆಬ್ಬೆರಳುಗುರಿನ ಉದ್ದದ ಜಾಲರಿ.
ಶುಮಾದಿಯದ ಗುಡ್ಡ ಹತ್ತಿಳಿದ, ಪ್ಲಮ್ ಕಾಸಿ ರಾಕಿಯ ಇಳಿಸಿದ,
ಊರಿಗೆಲ್ಲ ಹೇಳಿಕೊಂಡ: ಎದೆಯಲ್ಲಿ ಕಬ್ಬಿಣವಿದೆ ನನಗೆ.
ಈಗ ಮತ್ತೆ ಕ್ರಾಗುಯೆವಾತ್ಸಿನ ಇದೇ ಕಿರಿದಾದ ಮಂಚ.
ಏಳು ಮೆಟ್ಟಿಲಿಗೆ ನೋವು
ದವಡೆಗೆ ಏರುತ್ತದಂತೆ.

"ತುಕ್ಕು ಹಿಡಿಯಿತೇ ಡಾಕ್ಟರಮ್ಮ?"

ತುಕ್ಕಲ್ಲ. ಹೇಗೆ ಹೇಳಲಿ,
ಮಾಯ್ದಿದೆ. ಬೇಕಾದ್ದಕ್ಕಿಂತ ಹೆಚ್ಚು ಮಾಯ್ದಿದೆ.
ಜಾಲರಿಯ ಎಳೆ ಒತ್ತಿದಲ್ಲೆಲ್ಲ ಸಣ್ಣ ಗೀರು,
ಗೀರಿಗೆ ಹೊದಿಕೆ ನೇಯಲು ಬಂದ ಕಣಗಳು
ನೇಯ್ದು ಮುಗಿಸಿ ಮನೆಗೆ ಹೋಗಬೇಕಿತ್ತು.
ಹೋಗಲಿಲ್ಲ.
ಸಾಕು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೂ
ಬೆರಳ ಸಂದಿನಲ್ಲೇ ಬಡಿಸುವ ಅತ್ತೆಯಂತೆ
ಪದರದ ಮೇಲೆ ಪದರ.
ಗಾಯ ಮಾಯ್ದರೂ ಕಲೆ ಮಾಯದು ಅನ್ನುತ್ತಾರೆ.
ಇಲ್ಲಿ ಕಲೆಗೇ ಹಸಿವು.

ಮಣಿಕಟ್ಟಿನಿಂದ ತಂತಿ, ತಂತಿಯ ಗುಂಟ ಬೆಳಕು.
ತೆರೆಯ ಮೇಲೆ ಧಮನಿ
ಅಡ್ಡ ಕೊಯ್ದ ಕೊಂಬೆಯ ಹಾಗೆ, ಉಂಗುರದೊಳಗೆ ಉಂಗುರ.
ಅಲ್ಲೊಂದು ಮೂಲೆಯಲ್ಲಿ ಸುಣ್ಣದ ದಿಬ್ಬ.
ದಿಬ್ಬದ ಬಳಿ ಜಾಲರಿ ಪೂರ್ತಿ ಅರಳಿಯೇ ಇಲ್ಲ.
ಇದು ಅವನ ಮೈಯ ತಪ್ಪಲ್ಲ.
ಆ ದಿನ ಅವನು ಏಳನೆಯವನು, ಹೊರಗೆ ಕತ್ತಲು,
"ಸಾಕು, ಚೆನ್ನಾಗಿದೆ" ಎಂದು ಬಲೂನು ಇಳಿಸಿದ್ದು
ಈ ಕೈಯೇ.

ಹೇಳಿದೆ.
"ಕತ್ತರಿ ಹಿಡಿದವನು ಒಮ್ಮೆಯಾದರೂ
ತಪ್ಪು ಜಾಗದಲ್ಲಿ ಕಡಿಯುತ್ತಾನೆ" ಎಂದ.
ಸ್ವಲ್ಪ ಹೊತ್ತು ಬಿಟ್ಟು,
"ಆದರೆ ಕೊಂಬೆ ನಾನು."

ಮೊದಲು ಗಟ್ಟಿ ಬಲೂನು.
ಸ್ಲಾವಿಯಾಂಕ ಒತ್ತಡ ಓದುತ್ತಾಳೆ: ಹದಿನೆಂಟು, ಇಪ್ಪತ್ತು,
ಇಪ್ಪತ್ತೆರಡು. ಬಲೂನಿನ ನಡು ಇನ್ನೂ ಸಣ್ಣ.
ಇಪ್ಪತ್ನಾಲ್ಕಕ್ಕೆ
ಹಟ ಬಿಟ್ಟಿತು ಸುಣ್ಣ.

ಇನ್ನೊಂದು ಜಾಲರಿ ಇಡಬಹುದಿತ್ತು,
ಸೆಕೆಯಲ್ಲಿ ಅಂಗಿಯ ಮೇಲೆ ಅಂಗಿ ತೊಡಿಸಿದಂತೆ. ಬೇಡ.
ಈ ಸಲ ಮದ್ದು ಸವರಿದ ಬಲೂನು:
ಹೋಗುತ್ತದೆ, ಗೋಡೆಗೆ ಒರಸುತ್ತದೆ, ಬರುತ್ತದೆ.
ಮದ್ದಲ್ಲದೆ ಏನನ್ನೂ ಬಿಟ್ಟು ಬರುವುದಿಲ್ಲ.
ಅರವತ್ತು ಎಣಿಸುವವರೆಗೆ ನಾಳ ಮುಚ್ಚಿರುತ್ತದೆ, ನೋಯುತ್ತದೆ.

"ಯಾವ ಮದ್ದು?"
ನಿಮ್ಮ ತೀಸ ಮರದ ದೂರದ ನೆಂಟನೊಬ್ಬನ
ತೊಗಟೆಯಲ್ಲಿ ಮೊದಲು ಸಿಕ್ಕಿದ್ದು.
ಅವನು ನಕ್ಕ, ಮಂಚ ಅಲುಗಿತು, ಬೈದೆ.
ದೃಷ್ಟಿ ತಾಗದಿರಲೆಂದು ಅಜ್ಜಿ
ತೀಸದ ಚೂರೊಂದನ್ನು ಟೋಪಿಯ ಅಂಚಿಗೆ ಹೊಲಿದಿದ್ದಳಂತೆ.
"ಟೋಪಿಯಿಂದ ಎದೆಗಿಳಿಯಲು ಅರವತ್ತು ವರ್ಷ ಬೇಕಾಯಿತು ನೋಡಿ."

ಒಂದು. ಎರಡು.
ಹನ್ನೆರಡಕ್ಕೆ ಹುಬ್ಬು ಗಂಟಾಯಿತು.
"ಬೇಲಿಯ ಪ್ಲಮ್ ಮರಕ್ಕೆ ಅಪ್ಪ ತಂತಿ ಬಿಗಿದಿದ್ದ."
ಇಪ್ಪತ್ತು.
"ನುಂಗಿತು ಮರ. ತೊಗಟೆ ತುಟಿಯ ಹಾಗೆ
ಮುಚ್ಚಿಕೊಂಡಿತು. ಹಣ್ಣು ಬಿಡುತ್ತಲೇ ಇತ್ತು.
ಗೊತ್ತಾದದ್ದು" (ಮೂವತ್ತೊಂದು)
"ಗರಗಸದ ಹಲ್ಲು ಮುರಿದಾಗ."
ಆಮೇಲೆ ಮಾತಿಲ್ಲ. ಪರದೆಯ ಗೆರೆ
ಬೆನ್ನು ಸೆಟೆಸಿತು.
ನಲವತ್ತೈದು. ಅವನ ಹೆಬ್ಬೆರಳು
ಹಾಸಿಗೆಯ ಬಟ್ಟೆಯಲ್ಲಿ ಏನನ್ನೋ ಹುಡುಕುತ್ತಿತ್ತು.
ಐವತ್ತರಿಂದ ಅರವತ್ತಕ್ಕೆ
ಹತ್ತೇ ಅಲ್ಲ.

ಬಿಟ್ಟೆ.
ಕಪ್ಪು ಬಣ್ಣ ತುದಿಯವರೆಗೆ ಓಡಿತು,
ಕಾಣದಿದ್ದ ಕವಲುಗಳಲ್ಲೂ.
ಇದು ಎಷ್ಟು ದಿನ? ಗೊತ್ತಿಲ್ಲ, ಎಂದೆ.
ಅವನೂ ಹವಾಮಾನ ಕೇಳಿದವನಂತೆ ತಲೆಯಾಡಿಸಿದ.

ಸಂಜೆ ಸ್ಪಸೇನಿಯ ಪ್ಲಮ್ ಚೀಲ ತಂದು
ಡ್ರಿಪ್ ಕಂಬಕ್ಕೇ ನೇತುಹಾಕಿದ್ದಳು.
ಬೇಗ ಮಾಯಲಿ ಎನ್ನುವುದು ನನ್ನ ರೂಢಿ.
ನಾಲಿಗೆ ತಡೆಯಿತು.
ಸಾವಕಾಶ ಮಾಯಲಿ ರಾದೋಯ್ಕೊ, ಅಳತೆಯಲ್ಲಿ ಮಾಯಲಿ,
ಸಾಕು ಎಂದಾಗ ಕೇಳಿಸಲಿ ಒಳಗೆ.

ಮಣಿಕಟ್ಟಿನ ತೂತಿಗೆ ಪಟ್ಟಿ ಸುತ್ತಿದೆ.
ಇದೊಂದು ಬೇಗ ಮಾಯಲಿ.