ರಟ್ಟಿನ ಕೀಲಿಮಣೆ

ನಮೂನೆ ಬಂದಿದೆ ಬಿ.ಇ.ಓ. ಆಫೀಸಿನಿಂದ,
ಐದನೇ ಕ್ಲಾಸು, ಮೂವತ್ತೆಂಟು ಹೆಸರು,
ಅಡ್ಡಕ್ಕೆ ಹನ್ನೊಂದು ಮನೆ:
ಗಣಕಯಂತ್ರದ ಭಾಗಗಳನ್ನು ಗುರುತಿಸುವನು/ಳು.
ಮೌಸ್ ಸರಿಯಾಗಿ ಹಿಡಿಯುವನು/ಳು.
ತನ್ನ ಹೆಸರನ್ನು ತಾನೇ ಬೆರಳಚ್ಚಿಸುವನು/ಳು.
ಎ, ಬಿ, ಸಿ. ಶುಕ್ರವಾರದೊಳಗೆ.
ಪೆನ್ಸಿಲಿನಲ್ಲಿ ಬೇಡ.

ಕೌಲ್ ಬಜಾರಿನ ಈ ಕೋಣೆಯಲ್ಲಿ
ದಾನಿಗಳು ಕೊಟ್ಟ ಕಂಪ್ಯೂಟರ್ ನಾಲ್ಕು.
ಎರಡಕ್ಕೆ ಉಸಿರಿಲ್ಲ.
ಒಂದರೊಳಗೆ ಇಲಿ ಮರಿ ಹಾಕಿತ್ತು,
"ಮೌಸಂದ್ರೆ ಇದೇನಾ ಮಿಸ್" ಎಂದ ಎರ್ರಿಸ್ವಾಮಿ,
ಆವತ್ತು ಪಾಠ ಅಲ್ಲಿಗೇ ಮುಗಿಯಿತು.
ಉಳಿದ ಒಂದು ಎದ್ದು ಕೂರುವಷ್ಟರಲ್ಲಿ
ಹಾಜರಿ ಕೂಗಿ ಮುಗಿಸಬಹುದು.

ಇಲ್ಲಿಯ ಮಕ್ಕಳ ಉಗುರಿನ ಸಂದಿಯಲ್ಲಿ ನೀಲಿ.
ಮನೆ ಮನೆಯಲ್ಲೂ ಜೀನ್ಸ್ ಪ್ಯಾಂಟಿನ ಗುಡ್ಡೆ,
ಸಂಜೆ ಕೂತು ದಾರದ ತುದಿ ಕತ್ತರಿಸುತ್ತಾರೆ,
ಡಜನ್ನಿಗೆ ಇಷ್ಟು ಎಂದು.
ಬೋರ್ಡಿನ ಮೇಲೆ ಕಟ್, ಪೇಸ್ಟ್ ಎಂದು ಬರೆದರೆ
"ಪೇಸ್ಟ್ ಯಾಕೆ ಮಿಸ್, ಕಟ್ ಮಾಡಿದ್ ಮ್ಯಾಲೆ ಹೊಲೀತಾರೆ"
ಅಂದ ಗಾದಿಲಿಂಗ.
ತಪ್ಪು ಎನ್ನಲು ಬಾಯಿ ಬರಲಿಲ್ಲ.

ಪರೀಕ್ಷೆಯ ದಿನ. ಫೆಬ್ರವರಿಯಲ್ಲೇ ಕೋಟೆಯ ಬಂಡೆ
ರೊಟ್ಟಿ ಹಂಚಿನ ಹಾಗೆ ಕಾದಿದೆ.
ಒಬ್ಬೊಬ್ಬರಿಗೆ ನಾಲ್ಕು ನಿಮಿಷ.
ಹದಿನಾರನೆಯವನು ಜಿಲಾನಿ,
ಜೆ ಹುಡುಕಿ, ಐ ಹುಡುಕಿ,
ಎಲ್ ಮೇಲೆ ಬೆರಳಿಟ್ಟ ಹೊತ್ತಿಗೆ
ಕರೆಂಟು ಹೋಯಿತು.
ಫ್ಯಾನು ತೂಕಡಿಸುತ್ತ ನಿಂತಿತು,
ಯುಪಿಎಸ್ಸು ಮೂರು ಸಲ ಚೀರಿ ಸುಮ್ಮನಾಯಿತು.
"ನನ್ನ ಹೆಸರು ಅರ್ಧ ಒಳಗೇ ಐತೆ ಮಿಸ್"
ಎಂದು ಕುರ್ಚಿ ಬಿಟ್ಟೇಳಲಿಲ್ಲ ಅವನು.

ಮುಂದಿನ ಹೆಸರು ಹುಲಿಗೆಮ್ಮ.
ಹಿಂದಿನ ಬೆಂಚು. ಮೌಸು ಅವಳ ಕೈಗೆ ಸಿಕ್ಕಿದ್ದು
ವರ್ಷದಲ್ಲಿ ಎರಡು ಸಲವೋ ಮೂರೋ;
ಹುಡುಗರು ಬಿಡುತ್ತಿರಲಿಲ್ಲ,
ನಾನೂ ನೋಡಿರಲಿಲ್ಲ.
ಚೀಲದಿಂದ ಒಂದು ರಟ್ಟು ತೆಗೆದಳು,
ಪ್ಯಾಂಟು ತುಂಬುವ ಪೆಟ್ಟಿಗೆಯದು.
ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೀಟು,
ಪೆನ್ನಿನಲ್ಲಿ ಅಕ್ಷರ. ಒಂದೂ ಜಾಗ ತಪ್ಪಿಲ್ಲ.
"ಎ ಮೊದಲಿಗಿರೋದು ಬಿಟ್ಟು
ಅಲ್ಲಿ ಮೂಲ್ಯಾಗೆ ಯಾಕೆ ಕುಂತೈತೆ ಮಿಸ್?"
ದಸರೆಗೆ ಮುಂಚೆ ಕೇಳಿದ್ದಳು.
ನಾಳೆ ಹೇಳುತ್ತೇನೆ ಎಂದಿದ್ದೆ.

"ಇದರ ಮ್ಯಾಲೆ ಹೊಡೀಲಾ?"

ಬೆರಳು ನೋಡುತ್ತ ಓದಿದೆ.
ಎಚ್. ಯು. ಎಲ್. ಐ.
ಜಿ. ಇ. ಎಮ್.
ಮತ್ತೊಂದು ಎಮ್ ಆಗಬೇಕಿತ್ತು,
ಬೆರಳು ಎನ್ ಮೇಲೆ ಬಿತ್ತು.
ನಿಂತಳು.
ಬಲಗಡೆ ಮೇಲ್ತುದಿಗೆ ಹೋಗಿ
ಅಳಿಸುವ ಗುಂಡಿ ಒತ್ತಿದಳು, ಒಂದೇ ಸಲ.
"ಬಂದೇ ಇಲ್ಲಲ್ಲೇ, ಏನು ಅಳಿಸ್ತೀ?" ಗಾದಿಲಿಂಗ ನಕ್ಕ.
"ಬಂದಿತ್ತು" ಅಂದಳು ತಲೆ ಎತ್ತದೆ.
ಎಮ್. ಎ.

ಅವಳವ್ವ ಹೊಲಿಗೆ ಬಿಚ್ಚುವುದನ್ನು ಕಂಡಿದ್ದೇನೆ,
ತಪ್ಪಿದ ಒಂದೇ ಎಳೆಗೆ ಸೂಜಿಯ ಮೊನೆ ಕೊಟ್ಟು,
ಪಕ್ಕದ್ದು ಅಲುಗದ ಹಾಗೆ.

ರಾತ್ರಿ ನಮೂನೆ ತುಂಬುತ್ತ ಕೂತಿದ್ದೇನೆ.
ಜಿಲಾನಿಗೆ ಬಿ. ಉಳಿದರ್ಧ ಕರೆಂಟಿನವರದು.
ಹುಲಿಗೆಮ್ಮನ ಸಾಲಿಗೆ ಬಂದು ಪೆನ್ನು ನಿಂತಿತು.
ಸಾಧನದ ಮೇಲೆ ಮಾಡಿ ತೋರಿಸಿದಳೇ? ಇಲ್ಲ.
ಪುರಾವೆ ಲಗತ್ತಿಸಿದೆಯೇ?
ರಟ್ಟು ಕೇಳಿದರೆ ಕೊಡಲಿಲ್ಲ,
"ಮನ್ಯಾಗೆ ತಂಗಿ ಕಲೀತಾಳೆ ಮಿಸ್."
ಎ ಬರೆದೆ, ಮಸಿಯಲ್ಲೇ.

ಆಮೇಲೆ ಮೊಬೈಲಿನಲ್ಲಿ ಹುಡುಕಿದೆ,
ಅದು ಮೂಲೆಯಲ್ಲಿ ಯಾಕೆ ಕೂತಿದೆ ಎಂದು.
ಮೂರು ಕಡೆ ಮೂರು ಕಥೆ.
ಮೂರನ್ನೂ ಹೇಳಬೇಕು ಬೆಳಿಗ್ಗೆ.
ಯಾವುದು ಖರೆ ಎಂದು ಕೇಳದೆ ಬಿಡುವವಳಲ್ಲ.
ಗೊತ್ತಿಲ್ಲ ಎನ್ನಬೇಕು,
ಮೂವತ್ತೆಂಟು ಮಂದಿಯ ಎದುರಿಗೆ.