ಕರಡಿ ಏನು ತಿಂತು

ಕೌಲ್ ಬಜಾರಿನ ಈ ಓಣಿಯಲ್ಲಿ
ಏಳರ ಮೇಲೆ ಎಲ್ಲ ಮನೆಗೂ ಒಂದೇ ಸದ್ದು:
ಮಷಿನ್ನು ಓಡುವುದು, ನಿಲ್ಲುವುದು, ಮತ್ತೆ ಓಡುವುದು.
ನನ್ನ ಪಾಲಿಗೆ ಬಂದಿರುವುದು ಜೇಬು.
ಪ್ಯಾಂಟು ಯಾರದೋ, ಸೊಂಟ ಯಾರದೋ,
ಹಿಂದಿನ ಎಡಜೇಬು ಮಾತ್ರ ನನ್ನದು,
ಒಂದಕ್ಕೆ ಒಂದೂವರೆ ರೂಪಾಯಿ.

ಸೂಜಿಯ ಪಕ್ಕದ ಪುಟ್ಟ ಬಲ್ಬಿನ ಬೆಳಕು
ಬಟ್ಟೆ ದಾಟಿ ಒಂದು ಗೇಣು ನೆಲಕ್ಕೂ ಬೀಳುತ್ತದೆ.
ಆ ಗೇಣಿನಲ್ಲಿ ಹುಲಿಗೆಮ್ಮ,
ಐದು ತುಂಬಿ ಎರಡು ತಿಂಗಳು,
ತೊಡೆಯ ಮೇಲೆ ಅಂಗನವಾಡಿ ಟೀಚರು ಕೊಟ್ಟ ಪುಸ್ತಕ.
ಹನ್ನೆರಡು ಪುಟ, ಒಂದು ಕರಡಿ,
ಮೂಲೆಗಳು ಮಡಿಸಿ ಮಡಿಸಿ ಮೆತ್ತಗಾಗಿವೆ.

ಅದಕ್ಕೂ ಮೊದಲು ಕರಡಿ ಅತ್ತೆಯದಾಗಿತ್ತು.
ಸುಂಕಮ್ಮತ್ತೆಯ ಕರಡಿ ದರೋಜಿ ಗುಡ್ಡದ್ದು,
ನಿನ್ನೆ ಜೇನು ತಿಂದರೆ ಇವತ್ತು ಸೀತಾಫಲ,
ಮಗು ಉಣ್ಣದ ದಿನ
ರೊಟ್ಟಿ, ಪುಂಡಿಪಲ್ಲೆ ತಿಂದದ್ದೂ ಉಂಟು.
ಪುಸ್ತಕದ ಕರಡಿ ಹಾಗಲ್ಲ.
"ಅಜ್ಜಿ, ಇದು ದಿನಾ ಜೇನೇ ತಿಂತೈತಿ."
"ಅಯ್ಯ, ಪಾಪ," ಅತ್ತೆ ಎಲೆಅಡಿಕೆ ಕುಟ್ಟುವುದು ನಿಲ್ಲಿಸಿ,
"ಬ್ಯಾಸರ ಆಗಂಗಿಲ್ಲೇನು ಅದಕ್ಕ?"

ಏಳನೇ ಕ್ಲಾಸಿಗೇ ಬಿಟ್ಟವಳು ನಾನು.
ಜೋರಾಗಿ ಓದಿದ್ದು ಇವಳು ಹುಟ್ಟಿದ ಮೇಲೆಯೇ.
ಮೊದಮೊದಲು ಇವಳ ಓದು ಬರೀ ಬಾಯಿಪಾಠ.
ಪುಸ್ತಕ ತಲೆಕೆಳಗು, ಕರಡಿಯ ಕಾಲು ಮೇಲೆ,
ಆದರೂ ಒಂದು ಮಾತು ತಪ್ಪದೆ ಹೇಳುವಳು,
ನಾನು ಉಸಿರು ತಗೊಂಡಲ್ಲಿ ಉಸಿರು,
ದಾರ ಕಡಿಯಲು ನಾನು ನಿಂತಲ್ಲಿ
ಅವಳೂ ನಿಂತು.
ಅತ್ತೆ ಕೆನ್ನೆ ಸವರಿ ನೆಟಿಕೆ ಮುರಿದರು.
ನಾನು ಸುಮ್ಮನಿದ್ದೆ.

ಆಮೇಲೆ ಬೆರಳು ಬಂತು.
ನನ್ನ ಬೆರಳಿನ ನೀಲಿ ಅವಳ ಬೆರಳಿಗೂ ಹತ್ತಿ
ಪ್ರತಿ ಸಾಲಿನ ಕೆಳಗೊಂದು ಮಸುಕು ಗೆರೆ.
ಒಂದು ಪುಟಕ್ಕೆ ಮೂರು ಜೇಬಿನ ಹೊತ್ತು.
ಲೆಕ್ಕ ಹಾಕುತ್ತೇನೆ. ಹಾಕಿಯೂ ಪೆಡಲಿನಿಂದ ಕಾಲು ತೆಗೆಯುತ್ತೇನೆ:
ಈ ಮೋಟರಿನ ಸದ್ದಿನಲ್ಲಿ
ಲ ಮತ್ತು ಳ ಒಂದೇ ಆಗಿಬಿಡುತ್ತವೆ.

"ಅಮ್ಮಾ, ಇದರ ಕೆಳಗ ಯಾಕ ಇನ್ನೊಂದು ಸಣ್ಣದು ಐತಿ?"
ಒತ್ತು ಅಂತಾರೆ ಅದಕ್ಕೆ, ಎಂದೆ.
"ಅಲ್ಲ. ಅದು ಕೂಸು."
ಮರುದಿನದಿಂದ ಊರೆಲ್ಲ ಕೂಸು:
ಬಸ್ಸಿನ ಹಣೆಯ ಬಳ್ಳಾರಿಗೆ ಒಂದು,
ಬೆಣ್ಣೆ ಅಂಗಡಿಯ ಬೋರ್ಡಿಗೆ ಒಂದು,
ಅಪ್ಪನ ಕೆಳಗೆ, ಅಜ್ಜಿಯ ಕೆಳಗೆ, ಅಮ್ಮನ ಕೆಳಗೂ
(ಮ ಹೆತ್ತ ಕೂಸು ತಾಯಿಯ ಹಾಗಿಲ್ಲ, ಇರಲಿ),
ತನ್ನದೇ ಹೆಸರಿನ ಕೊನೆಯಲ್ಲಿ ಒಂದು.
ಕೂಸು ಎಂದು ಬರೆದು ತೋರಿಸಿದೆ.
ತಿರುಗಿಸಿ ಮರಳಿಸಿ ನೋಡಿ,
"ಕೂಸಿಗೆ ಕೂಸಿಲ್ಲ!" ಎಂದು ನಕ್ಕಳು.

ಮೊನ್ನೆ ಜೇನಿನ ಪುಟಕ್ಕೆ ಬಂದು ತಡೆದಳು.
ಬಾಯಿಪಾಠ ನಾಲಿಗೆಯ ತುದಿಯಲ್ಲೇ ಇತ್ತು, ಅದನ್ನು ನುಂಗಿ
ಜಕಾರದ ಏತ್ವ, ದೀರ್ಘ, ನಕಾರದ ಕೊಂಬು,
ತಪ್ಪು ಹೊಲಿಗೆ ಬಿಚ್ಚುವವಳ ಹಾಗೆ ಎಳೆ ಎಳೆಯಾಗಿ
ಜೇ.
ನು.
ನೂರು ಸಲ ಹೇಳಿದ ಮಾತೇ.
ಆದರೂ ಬೆಚ್ಚಿ ನನ್ನ ಕಡೆ ನೋಡಿದಳು,
ಯಾರೋ ಒಳಗಿಂದ ಕರೆದ ಹಾಗೆ.

ಇವತ್ತು ಅತ್ತೆಗೆ ಮೂರನೇ ದಿನದ ಜ್ವರ.
ಗಂಜಿ ಬೇಡ, ಎಲೆಅಡಿಕೆಯೂ ಬೇಡ.
ಚಾಪೆಯನ್ನೇ ಮಷಿನ್ನಿನ ಬೆಳಕಿಗೆ ಎಳೆದುಕೊಂಡು
ಹುಲಿಗೆಮ್ಮ ಓದುತ್ತಿದ್ದಾಳೆ, ಗೋಡೆಗೆ ತಿರುಗಿದ ಬೆನ್ನಿಗೆ.
ಬೆರಳು ಜೇನಿನ ಕೆಳಗೆ ಬಂತು. ನಿಂತಿತು.
ಅಕ್ಷರ ನೋಡಿದಳು, ಅಜ್ಜಿಯ ಬೆನ್ನು ನೋಡಿದಳು,
ನನ್ನನ್ನು ನೋಡಿದಳು, ಕಣ್ಣಲ್ಲಿ ಕಳ್ಳನಗೆ.
ಜೇನು ಎಂದೇ ಅಚ್ಚಾದದ್ದರ ಮೇಲೆ
ಬೆರಳು ಗಟ್ಟಿಯಾಗಿ ಊರಿ,
"ಕರಡಿ ಇವತ್ತು ಸೀತಾಫಲ ತಿಂತು," ಎಂದಳು.

ಬೆನ್ನು ಮೆಲ್ಲಗೆ ಈಚೆ ತಿರುಗಿತು.
"ಹಂಗಂತ ಬರದಾರೇನು?"

ಕಾಲು ಪೆಡಲಿನ ಮೇಲಿದೆ, ಒತ್ತಲಾರೆ.
ಹುಲಿಗೆಮ್ಮ ಪುಟ ತಿರುವುತ್ತಾಳೆ.