ಮೂರನೆಯ ಕೊಳವೆ

ಉಲಾನ್‌ಬಾತರ್, ಐದನೇ ಮಹಡಿ.
ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ. ಒಳಗೆ,
ಸೋಫಾ ಇರಬೇಕಾದ ಜಾಗದಲ್ಲಿ
ನಾನೂರು ಲೀಟರ್ ಸಮುದ್ರ.
ನಿಜವಾದದ್ದನ್ನು ನಾವಿಬ್ಬರೂ ಕಂಡವರಲ್ಲ.
ಇದಕ್ಕೆ ಉಪ್ಪು ಡಬ್ಬದಲ್ಲಿ ಬರುತ್ತದೆ,
ಅಲೆಗೊಂದು ಪ್ಲಗ್ಗು ಇದೆ.

ಸಂಪಿಲ್‌ನ ಕೆಲಸ ಊರಿನ ಬಿಸಿನೀರಿನ ಕೊಳವೆಗಳಲ್ಲಿ.
ಬೀದಿಯಡಿ ತೆವಳಿ ಸೋರಿಕೆ ಹುಡುಕುವವನಿಗೆ
ಮನೆಯ ಗೊಳಗೊಳ ನಾಲ್ಕು ವರ್ಷ ಕೇಳಿಸಲಿಲ್ಲ.
ಬಾಚಣಿಗೆಯ ಹಲ್ಲಿನಂಥ ಸಂದುಗಳಲ್ಲಿ ನುಸುಳಿ ನೀರು
ಇದ್ದೊಂದು ಕೊಳವೆಗೆ ಬೀಳುತ್ತಿತ್ತು,
ಗಾಳಿಯನ್ನೂ ನುಂಗುತ್ತ, ತೇಗುತ್ತ, ಬಿಕ್ಕಿ ಮತ್ತೆ ನುಂಗುತ್ತ,
ಕೊನೇ ಪಂಕ್ತಿಗೆ ಕೂತ ಹಸಿದವನ ಹಾಗೆ.

ಆಮೇಲೆ ಆ ಬಸವನಹುಳು.
ಹೆಬ್ಬೆರಳಿನ ಗಾತ್ರ. ಹಲ್ಲು ಹತ್ತಿ ದಾಟಿ
ಕೊಳವೆಯ ಬಾಯಿಗೆ ಬಿರಡೆಯಾಗಿ ಕೂತಿತು.
ನಾವು ಮದುವೆಗೆ ಹೋಗಿದ್ದೆವು.
ಕೆಳಮನೆಯ ದುಲ್ಮಾ ಅವರ ಚಾವಣಿಯಲ್ಲಿ ಇವತ್ತಿಗೂ ಒಂದು ಕಂದು ಕಲೆ,
ಅಂಚಿಗೆ ಬಿಳಿ ಪುಡಿ.
ಅವರು ಬಯ್ಯಲಿಲ್ಲ. "ನನ್ನ ಚಹಾಕ್ಕೆ ಉಪ್ಪು
ನಾನೇ ಹಾಕಿಕೊಳ್ಳುತ್ತೇನೆ," ಅಂದರು,
"ನೀವು ತೊಂದರೆ ತಗೋಬೇಡಿ."

ಶನಿವಾರ ಗಾಜಿಗೆ ಇನ್ನೆರಡು ತೂತು.
ಮೀನುಗಳು ಸ್ನಾನದ ತೊಟ್ಟಿಯಲ್ಲಿ,
ಹವಳಗಳು ಬಕೆಟ್ಟಿನಲ್ಲಿ, ಮುನಿಸಿಕೊಂಡಂತೆ ಮುದುಡಿ.
ನಾನು ಗಾಜಿನ ಮೇಲೆ ಸಣ್ಣಗೆ ನೀರು ಹನಿಸಿದೆ,
ಅವನು ಡ್ರಿಲ್ಲು ಹಿಡಿದ, ಎಳೆಗೂಸಿನ ಉಗುರು ಕತ್ತರಿಸುವವರ ಉಸಿರಿನಲ್ಲಿ.

ಹಿತ್ತಾಳೆಯ ವಾಲ್ವನ್ನಷ್ಟೇ ನಂಬುವ ಮನುಷ್ಯ
ಪ್ಲಾಸ್ಟಿಕ್ಕಿನದು ತಂದ. ತಾಮ್ರ ಹವಳಕ್ಕೆ ವಿಷ.
ಅರ್ಧ ಸುತ್ತು. ಕಾಲು ಸುತ್ತು. ಇನ್ನು ಕೂದಲೆಳೆ.
ಗಾಳಿಯೆಲ್ಲ ಹೊರಟುಹೋದ ಮೇಲೆ
ಮೊದಲ ಕೊಳವೆಯಲ್ಲಿ ನೀರು ಇಡಿಯಾಗಿ ಇಳಿಯಿತು,
ಮಾತಿಲ್ಲದೆ.
ಎರಡನೆಯದರಲ್ಲಿ ತೆಳು ಧಾರೆ, ಒಳಗೋಡೆ ಸವರಿಕೊಂಡು.
ಮೂರನೆಯದು ಒಂದು ಬೆರಳು ಎತ್ತರದಲ್ಲಿ, ಒಣಒಣ.
"ಇದೇನು ಮಾಡುತ್ತೆ?"
"ಏನೂ ಮಾಡಬಾರದು. ಅದೇ ಅದರ ಕೆಲಸ."

ಕರೆಂಟು ಹೋದರೆ ಹೇಗೆ ಅಂತ ಪ್ಲಗ್ಗು ಕಿತ್ತು ನೋಡಿದ.
ಕೆಳತೊಟ್ಟಿಯಲ್ಲಿ ನೀರು ಏರಿತು, ಏರಿತು,
ಅಂಚಿಗೆ ನಾಲ್ಕು ಬೆರಳು ಇರುವಾಗ ನಿಂತಿತು.
ಅಲ್ಲೊಂದು ನೀಲಿ ಟೇಪು.

ಆ ರಾತ್ರಿ ಊಟದ ಹೊತ್ತಿಗೆ
"ಇನ್ನೆರಡು ಬೂಜ್ ಹಾಕಲಾ?" ಅಂದೆ. ಬೆಚ್ಚಿಬಿದ್ದ.
"ಯಾಕೆ ಕೂಗ್ತೀಯ?"
ಟ್ರಾಲಿಬಸ್ಸಿನಲ್ಲಿ ದಿನವಿಡೀ ನಿಲ್ದಾಣದ ಹೆಸರು ಕೂಗುವವಳು ನಾನು,
ಗಂಟಲಿಗೆ ಅದೇ ರೂಢಿ ಅಂದುಕೊಂಡಿದ್ದೆ.
ಅಲ್ಲ. ನಾಲ್ಕು ವರ್ಷ ನೀರಿನ ತಲೆಯ ಮೇಲಿಂದ
ಒಬ್ಬರಿಗೊಬ್ಬರು ಮಾತು ಎಸೆದಿದ್ದೆವು.
ಎಸೆಯಲಾಗದ್ದು, ಕೈಗೇ ಕೊಡಬೇಕಾದ್ದು,
ಹಾಗೇ ಉಳಿದಿತ್ತು.
ಈಗ ಹೇಳುತ್ತಾನೇನೋ ಅಂತ ಕಾದೆ.
"ವಾಲ್ವು ಚೆನ್ನಾಗಿ ಕೂತಿದೆ ಅಲ್ವಾ," ಅಂದ,
ತೀರಾ ಮೆಲ್ಲಗೆ.

ಫೆಬ್ರವರಿ. ಬೆಳಗಿನ ಜಾವ ಮೂರು ಗಂಟೆ.
ಒಣಗಿದ್ದ ಕೊಳವೆ ಬಾಯಿಬಿಟ್ಟಿತು,
ಹಳೇ ಗೊಳಗೊಳ, ಇಡೀ ಮನೆ ನಡುಗುವಂತೆ.
ಬರಿಗಾಲಲ್ಲಿ ಓಡಿದ. ಮೊಣಕೈವರೆಗೆ ತೋಳು ಇಳಿಸಿ
ಬಸವನಹುಳುವನ್ನು ಎತ್ತಿ ಹಿಡಿದು ತೋರಿಸಿದ:
ಅದೇನೋ, ಅದರ ಸಂತಾನವೋ.
ನೆಲ ಮುಟ್ಟಿ ನೋಡಿದೆ. ಒಣಗೇ ಇತ್ತು.

ಸದ್ದು ಸಣ್ಣಗಾಗಿ, ಬಿಟ್ಟು ಬಿಟ್ಟು ಬಂದು, ನಿಂತಿತು.
ಆಗ ಕೆಳಗೆ ದುಲ್ಮಾ ಕೆಮ್ಮಿದ್ದು ಕೇಳಿಸಿತು,
ಉದ್ದಕ್ಕೆ, ಎದೆಯ ತಳದಿಂದ.
ಎಷ್ಟು ಚಳಿಗಾಲದ ಕೆಮ್ಮೋ ಅದು.
ಬೆಳಗಾದ ಮೇಲೆ ಇಳಿದು ಹೋಗಿ ಕೇಳಬೇಕು.